ಸಾಹೇಬರ ಬಿಳಿ ಗೆರೆ

ಸಾಹೇಬರ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಅದನ್ನು ಗಡಿಯ ಹಿಮ ತಿಂದಿರುತ್ತಿತ್ತು, ಗಣರಾಜ್ಯ ದಿನದ ಭಾಷಣದಲ್ಲಿ ಶತ್ರುವಿನ ಗುಂಡು ಹಾರಿಸಿರುತ್ತಿತ್ತು. ಗಡಿಯಲ್ಲಿ ಇದ್ದದ್ದೇನೋ ಸುಳ್ಳಲ್ಲ. ಅಲ್ಲಿಂದ ಬಂದವರು ಆ ಮೊಂಡು ಬೆರಳನ್ನೇ ಮುಂದೆ ಮಾಡಿಕೊಂಡು ತಳೇಗಾಂವದ ನಮ್ಮ ವಾರ್ಡಿನಲ್ಲಿ ಚುನಾವಣೆಯ ಮೇಲೆ ಚುನಾವಣೆ ಗೆದ್ದರು. 'ಗಡಿಯ ಸಿಪಾಯಿ, ನಾಡಿನ ಮುತ್ಸದ್ದಿ' ಎಂದು ಅವರ ಬ್ಯಾನರುಗಳಲ್ಲಿ ಮರಾಠಿಯಲ್ಲಿ ಬರೆದಿರುತ್ತಿತ್ತು. ಬರೆಸುತ್ತಿದ್ದವರೂ ಅವರೇ.

ಅವರು ಮೂಲತಃ ವಿಜಯಪುರದ ಕಡೆಯವರು. ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ನಮ್ಮಂಥವರು 'ನಮ್ಮವರು' ಎಂದು ಹಿಗ್ಗಿ ಓಟು ಹಾಕಿದೆವು. ನಮ್ಮ ಜೊತೆ ಅವರು ಹಿಂದಿ ಮಾತಾಡುತ್ತಿದ್ದರು, ಉಳ್ಳವರ ಜೊತೆ ಮರಾಠಿ. ಕನ್ನಡವನ್ನು ಬೈಯುವುದಕ್ಕೆಂದು ತೆಗೆದಿಟ್ಟುಕೊಂಡಿದ್ದರು.

ಕಚೇರಿ ಅಂದರೆ ಅವರ ಮನೆಯ ಪಡಸಾಲೆ. ಅದರ ನೆಲದ ಮೇಲೆ ಅಡ್ಡಲಾಗಿ ಒಂದು ಬಿಳಿ ಗೆರೆ ಎಳೆಸಿದ್ದರು. ಆಚೆ ಅವರ ಕುರ್ಚಿ, ಈಚೆ ನಾವು. ಚಪ್ಪಲಿ ಬಿಟ್ಟು, ಗೆರೆಗೆ ಹೆಬ್ಬೆರಳು ತಾಗದಂತೆ ನಿಂತು ಸೆಲ್ಯೂಟ್ ಹೊಡೆಯಬೇಕು. ಅವರು 'ವಿಶ್ರಾಮ್' ಅನ್ನುವ ತನಕ ಕೈ ಇಳಿಸುವಂತಿಲ್ಲ. ನಡುವೆ ಫೋನು ಬಂದರೆ ಅನ್ನುವುದನ್ನೇ ಮರೆತುಬಿಡುತ್ತಿದ್ದರು. ಒಮ್ಮೆ ಒಬ್ಬ ಮುದುಕಿ ಹಾಗೇ ಕೈ ಎತ್ತಿಕೊಂಡು ನಿಂತಿದ್ದನ್ನು ನಾನೇ ನೋಡಿದ್ದೇನೆ. ಇದಕ್ಕೆಲ್ಲ ಅವರು ಶಿಸ್ತು ಎಂದು ಹೆಸರಿಟ್ಟಿದ್ದರು. ಗಡಿಯಿಲ್ಲದೆ ಬದುಕಲು ಬಾರದ ಮನುಷ್ಯ ಮನೆಯೊಳಗೇ ಒಂದು ಗಡಿ ಮಾಡಿಕೊಂಡಿದ್ದರು, ಅಷ್ಟೆ. ಕಾಯುವುದಕ್ಕೆ ಶತ್ರುಗಳು ಬೇಕಲ್ಲ, ನಾವು ಸಿಕ್ಕಿದ್ದೆವು.

ನನ್ನ ಹತ್ತನೇ ತರಗತಿ ಮುಗಿದಾಗ ಕಾಲೇಜು ಸೇರಲು ರಹಿವಾಸಿ ದಾಖಲೆ ಬೇಕಾಯಿತು. ಈ ಹುಡುಗಿ ಇದೇ ವಾರ್ಡಿನವಳು ಎಂದು ಸಾಹೇಬರು ಸಹಿ ಹಾಕಬೇಕು. ಅವತ್ತೇ ಕೊನೆಯ ದಿನ. ಅಪ್ಪ ಗಾರೆ ಕೆಲಸ ಬಿಟ್ಟು ನನ್ನನ್ನು ಕರೆದುಕೊಂಡು ಹೋದ. ದೊಡ್ಡವರಿಗೆ ಎಡಗೈಯಲ್ಲಿ ಏನನ್ನೂ ಕೊಡಬಾರದಲ್ಲ, ಅದಕ್ಕೇ ಕಾಗದವನ್ನು ಬಲಗೈಯಲ್ಲಿ ಹಿಡಿದಿದ್ದ. ಹಾಗಾಗಿ ಸೆಲ್ಯೂಟ್ ಎಡಗೈಯಲ್ಲಿ ಆಯಿತು.

ಸಾಹೇಬರ ಕನ್ನಡ ಹೊರಗೆ ಬಂತು. "ಎಡಗೈಲೆ ಸೆಲ್ಯೂಟ್ ಹೊಡಿತಿ ಏನಲೇ? ಹೋಗು, ಪಾಳಿ ಹಿಂದ ನಿಂದ್ರು."

ಮತ್ತೆ ನಮ್ಮ ಸರದಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಈ ಸಲ ಅಪ್ಪ ಕಾಗದವನ್ನು ಎಡಗೈಗೆ ದಾಟಿಸಿ ಬಲಗೈಯಲ್ಲಿ ಸೆಲ್ಯೂಟ್ ಹೊಡೆದ. ಸಾಹೇಬರು 'ವಿಶ್ರಾಮ್' ಅನ್ನಲಿಲ್ಲ. ಮೊಂಡು ಬೆರಳಿನ ಕೈ ಚಾಚಿ "ಕೊಡು" ಅಂದರು. ಬಲಗೈ ಇಳಿಸುವಂತಿಲ್ಲ. ಅಪ್ಪ ಎಡಗೈಯಲ್ಲಿ ಕೊಟ್ಟ.

"ಎಡಗೈಲೆ ಕೊಡೋದು ನಿಮ್ಮಪ್ಪ ಕಲಿಸ್ಯಾನೇನು? ನಾಳಿಗಿ ಬಾ."

"ಸಾಹೇಬ್ರ, ಇವತ್ತೇ ಕಡೀ ದಿನ ಅದರಿ. ಹುಡುಗೀದು ವರ್ಷ ಹೋಗ್ತದ್ರಿ." ಅಪ್ಪನ ಕೈ ಇನ್ನೂ ಹಣೆಯ ಮೇಲೇ ಇತ್ತು.

"ವಿಶ್ರಾಮ್," ಅಂದ ಸಾಹೇಬರು ಹಿಂದಿನವನನ್ನು ಕರೆದರು.

ವರ್ಷ ಹೋಯಿತು. ಆ ವರ್ಷವಿಡೀ ಅವ್ವನ ಜೊತೆ ಇಟ್ಟಿಗೆ ಹೊತ್ತೆ. ಮರುವರ್ಷ ನಾನೇ ಹೋಗಿ ಗೆರೆಯ ಈಚೆ ನಿಂತು ಸೆಲ್ಯೂಟ್ ಹೊಡೆದು ಸಹಿ ಹಾಕಿಸಿಕೊಂಡು ಬಂದೆ. ಈಗ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಅದಕ್ಕಾಗಿ ಆ ಮನುಷ್ಯನ ಋಣ ನನ್ನ ಮೇಲಿದೆ ಎಂದು ಯಾರಾದರೂ ಅಂದರೆ ಮೈ ಉರಿಯುತ್ತದೆ. ಅಪ್ಪ ಮಾತ್ರ ಅವರನ್ನು ಒಂದು ದಿನವೂ ಬೈಯಲಿಲ್ಲ. "ತಪ್ಪು ನಂದೇ ಅದವ್ವಾ, ನನಗ ಸೆಲ್ಯೂಟ್ ಹೊಡ್ಯಾಕ ಬರಲಿಲ್ಲ," ಅನ್ನುತ್ತಿದ್ದ. ಸಾಹೇಬರನ್ನು ನಾನು ಎಂದೂ ಕ್ಷಮಿಸದಿರುವುದು ಆ ಮಾತಿಗಾಗಿ.

ಕಳೆದ ತಿಂಗಳು ಸಾಹೇಬರು ತೀರಿಕೊಂಡರು. ಅಪ್ಪ ಹಟ ಹಿಡಿದ, ಕರೆದುಕೊಂಡು ಹೋದೆ. ಪಡಸಾಲೆಯಲ್ಲಿ ಗೆರೆಯ ಆಚೆ ಮಲಗಿಸಿದ್ದರು. ಯಾರೋ ಪುಢಾರಿ ಮೈಕಿನಲ್ಲಿ ಸಾಹೇಬರ ಕೊಡುಗೆ ಅಜರಾಮರ ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಯಾವ ಕೊಡುಗೆ ಎಂದು ನಾನು ಯೋಚಿಸುತ್ತಿದ್ದಾಗಲೇ ಕಣ್ಣಿಗೆ ಬಿತ್ತು. ತಡೆಯುವವರು ಯಾರೂ ಇಲ್ಲದಿದ್ದರೂ ಜನ ಚಪ್ಪಲಿ ಬಿಟ್ಟು ಬಂದು ಗೆರೆಯ ಹತ್ತಿರ ನಿಂತುಬಿಡುತ್ತಿದ್ದರು, ಅಲ್ಲಿಂದಲೇ ಹೂ ಎಸೆಯುತ್ತಿದ್ದರು. ಅರ್ಧ ಹೂ ಹೆಣವನ್ನು ಮುಟ್ಟುತ್ತಲೇ ಇರಲಿಲ್ಲ. ನಗು ಬಂತು. ತಲೆ ತಗ್ಗಿಸಿ ನೋಡಿದರೆ ನನ್ನ ಹೆಬ್ಬೆರಳೂ ಗೆರೆಯ ಈಚೆಗೇ ಇತ್ತು.

ಅಪ್ಪ ತನ್ನ ಹೂವನ್ನು ನನ್ನ ಕೈಗೆ ಕೊಟ್ಟು ಎರಡೂ ಕೈ ಬರಿದು ಮಾಡಿಕೊಂಡ. ಬೆನ್ನು ನೆಟ್ಟಗೆ ಮಾಡಿ ಬಲಗೈಯನ್ನು ಹಣೆಗೆ ಒಯ್ದ. ಒಂದಿಷ್ಟೂ ತಪ್ಪಿರಲಿಲ್ಲ. ಯಾವಾಗ ರೂಢಿ ಮಾಡಿಕೊಂಡನೋ ನನಗೆ ತಿಳಿಯದು. ಆದರೆ ಎತ್ತಿದ ಕೈ ಇಳಿಯಲಿಲ್ಲ. ಹಿಂದಿನವರು ಗೊಣಗತೊಡಗಿದರು.

"ಅಪ್ಪಾ, ನಡಿ," ಅಂದೆ.

ಅವನು ಕದಲಲಿಲ್ಲ. ಸಿಮೆಂಟು ತಿಂದ ಬೆರಳುಗಳು ಹಣೆಗೆ ಅಂಟಿಕೊಂಡೇ ಇದ್ದವು. ಕಣ್ಣು ಸಾಹೇಬರ ಬಾಯಿಯ ಮೇಲೇ ನೆಟ್ಟಿತ್ತು.

ಆಗ ನನಗೆ ಅರ್ಥವಾಯಿತು. ಗೆರೆ ದಾಟಿ ಹೋಗಿ, ಹೆಣಕ್ಕೆ ಬೆನ್ನು ಮಾಡಿ ಅಪ್ಪನ ಎದುರು ನಿಂತೆ.

"ವಿಶ್ರಾಮ್," ಅಂದೆ.

ಅಪ್ಪ ಕೈ ಇಳಿಸಿದ.

"ಈ ಸಲ ಸರಿ ಆತೇನವ್ವಾ?" ಎಂದು ಕೇಳಿದ.