ಅಂಚಿಗೆ ಹೊಲಿದ ವಾಷರ್‌ಗಳು

ಫೆಬ್ರವರಿಯ ಎರಡನೇ ಭಾನುವಾರ, ಮಧ್ಯಾಹ್ನ ಒಂದೂವರೆ. ಕಾಮಾಕ್ಷಿಪಾಳ್ಯದಲ್ಲಿ ನಮ್ಮ ಮನೆಯ ತಾರಸಿ. ಇದ್ದವರು ಮೂವರು: ನಾನು, ನಿವೃತ್ತ ಸಭಾಪಾಲಕರಾದ ನನ್ನ ಯಜಮಾನರು, ಕೆಳಗಿನ ಮನೆಯಲ್ಲಿರುವ ಗದಗದ ಕಡೆಯ ಹೆಂಗಸು.

ಅಂದು ಬೆಳಿಗ್ಗೆ ನಮ್ಮ ಬ್ಯಾಪ್ಟಿಸ್ಟ್ ಸಭೆಯಲ್ಲಿ ಐವರಿಗೆ ದೀಕ್ಷಾಸ್ನಾನವಾಗಿತ್ತು. ನಮ್ಮಲ್ಲಿ ತಲೆಗೆ ನೀರು ಚಿಮುಕಿಸುವ ಪದ್ಧತಿಯಿಲ್ಲ. ಇಡೀ ಆಳನ್ನು ಮುಳುಗಿಸಿ ಎತ್ತುತ್ತಾರೆ. ವೇದಿಕೆಯ ಹಲಗೆ ಸರಿಸಿದರೆ ಕೆಳಗೆ ಸೊಂಟಮಟ್ಟದ ತೊಟ್ಟಿಯಿದೆ. ಆಗ ತೊಡುವ ಬಿಳಿ ನಿಲುವಂಗಿಗಳನ್ನು ಹೊಲಿಯುವುದು, ಒಗೆಯುವುದು ನನ್ನ ಪಾಲಿನ ಕೆಲಸ. ಬಟ್ಟೆ ನೀರಿನಲ್ಲಿ ಉಬ್ಬಿ ಮೇಲೆದ್ದರೆ ಹೆಂಗಸರಿಗೆ ಮುಜುಗರ. ಅದಕ್ಕೆ ಅಂಚಿನ ಮಡಿಕೆಯೊಳಗೆ ಭಾರಕ್ಕೆಂದು ಬೋಲ್ಟಿಗೆ ಹಾಕುವ ಸ್ಟೀಲ್ ವಾಷರ್ ಇಟ್ಟು ಹೊಲಿಯುತ್ತೇನೆ, ಒಂದು ಅಂಗಿಗೆ ಹನ್ನೆರಡು. ಹಿಂದಿನ ಬೀದಿಯ ಲೇತ್ ಅಂಗಡಿಯವರು ದಪ್ಪನೆಯವನ್ನೇ ಆರಿಸಿ ಕೊಡುತ್ತಾರೆ.

ಒದ್ದೆ ಅಂಗಿಗಳನ್ನು ಹಗ್ಗದ ಮೇಲೆ ಹರವುತ್ತಿದ್ದೆ. ಗಾಳಿಗೆ ಒಂದರ ಅಂಚು ನೀರಿನ ಡ್ರಮ್ಮಿಗೆ ಬಡಿದು ಠಣ್ ಎಂದಿತು.

"ಏನ್ರೀ ಸಿಸ್ಟರ್, ಅಂಗಿಗೆ ಗೆಜ್ಜಿ ಕಟ್ಟೀರೇನು?" ಕೆಳಗಿನ ಮನೆಯವರು ನಕ್ಕರು. ಆಸ್ಪತ್ರೆಯ ನರ್ಸ್ ಕೆಲಸ ಬಿಟ್ಟು ಹನ್ನೊಂದು ವರ್ಷವಾದರೂ ನಾನು ಅವರಿಗೆ ಸಿಸ್ಟರೇ.

"ಗೆಜ್ಜೆ ಕಟ್ಟಿದ್ರೆ ಕುಣೀಬೇಕಾಗತ್ತಮ್ಮಾ," ಎಂದರು ಯಜಮಾನರು. "ನಮ್ಮ ಸಭೇಲಿ ಅದಕ್ಕೆ ಪರ್ಮಿಷನ್ ಇಲ್ಲ."

ಆರಾಧನೆಗೆ ಮೊದಲು ಫೋನ್ ಆಫ್ ಮಾಡಿ, ಊಟವಾದ ಮೇಲೆ ಆನ್ ಮಾಡುವುದು ನನ್ನ ನಿಯಮ. ಆಗ ಆನ್ ಮಾಡಿದೆ. ಹತ್ತೂವರೆಗೆ ಮಗಳು ಕಳಿಸಿದ ಧ್ವನಿ ಸಂದೇಶ ಬಂದಿತ್ತು. ಮಗಳು ಮತ್ತು ಅಳಿಯ ಆರು ವರ್ಷದಿಂದ ಜಾಂಬಿಯಾದ ಒಂದು ಹಳ್ಳಿಯಲ್ಲಿ ಮಿಷನರಿಗಳು. ಅಲ್ಲಿಯೂ ಅಂದೇ ದೀಕ್ಷಾಸ್ನಾನ. ಎಂಟು ಜನರಲ್ಲಿ ಹದಿನಾಲ್ಕು ವರ್ಷದ ನನ್ನ ಮೊಮ್ಮಗಳೂ ಒಬ್ಬಳು. ಅವರೆಲ್ಲರಿಗೂ, ಮುಳುಗಿಸುವ ಅಳಿಯನಿಗೂ ಕ್ರಿಸ್‌ಮಸ್ ಹೊತ್ತಿನಲ್ಲೇ ಅಂಗಿ ಹೊಲಿದು ಕಳಿಸಿದ್ದೆ.

"ಅಮ್ಮಾ, ನಮ್ಮ ಹೊಸ ತೊಟ್ಟಿ ಬಿರುಕು ಬಿಟ್ಟಿದೆ. ನೀರು ನಿಲ್ತಾ ಇಲ್ಲ. ನದೀಗೇ ಹೋಗ್ತಾ ಇದೀವಿ. ಮಳೆ ಬಂದು ಸ್ವಲ್ಪ ತುಂಬಿದೆ, ಆದ್ರೆ ಹಗ್ಗ ಕಟ್ತಾರೆ. ನಿಮ್ಮ ಟೈಮ್ ಹನ್ನೆರಡಕ್ಕೆ ಇಳೀತೀವಿ. ಪುಟ್ಟಿನೇ ಮೊದಲು. ನೀನು ಹೊಲಿದ ಅಂಗೀನ ಬೆಳಿಗ್ಗೆಯಿಂದ ಬಿಚ್ಚೇ ಇಲ್ಲ ಅವಳು."

ಯಜಮಾನರು, "ಹರಿಯೋ ನೀರು, ಒಳ್ಳೇದೇ," ಎಂದರು. ನನಗೂ ಹಾಗೇ ಅನ್ನಿಸಿತು. ಅಷ್ಟರಲ್ಲಿ ಅಂಚು ಮತ್ತೆ ಡ್ರಮ್ಮಿಗೆ ಬಡಿಯಿತು.

ನನ್ನ ಕೈಯಲ್ಲಿದ್ದ ಕ್ಲಿಪ್ಪುಗಳು ಕೆಳಗೆ ಬಿದ್ದವು. ನಮ್ಮ ತೊಟ್ಟಿಯ ನಿಂತ ನೀರಿಗೆಂದು ಇಟ್ಟ ಭಾರ ಅದು. ತುಂಬಿದ ಹೊಳೆಯ ಸೆಳೆತದಲ್ಲಿ ಅದೇ ಅಂಚು ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರೂ ನಿಲ್ಲಲಾರರು. ಮೊಮ್ಮಗಳಿಗೆ ಈಜು ಬರುವುದಿಲ್ಲ. ಅಂಗಿಗಳ ಕಟ್ಟಿನ ಮೇಲೆ ನಾನೇ ಚೀಟಿ ಬರೆದಿಟ್ಟಿದ್ದೆ: ತಣ್ಣೀರಿನಲ್ಲಿ ಒಗೆಯಿರಿ, ನೆರಳಿನಲ್ಲಿ ಒಣಗಿಸಿ. ವಾಷರ್ ವಿಷಯ ಬರೆದಿರಲಿಲ್ಲ. ವಾರ್ಡಿನಲ್ಲಿ ಒಂದು ಮಾತ್ರೆಯನ್ನೂ ಚಾರ್ಟಿನಲ್ಲಿ ಬರೆಯದೆ ಕೊಟ್ಟವಳಲ್ಲ ನಾನು.

ಹತ್ತೂವರೆಗೆ ಫೋನ್ ಆನ್ ಇದ್ದಿದ್ದರೆ ಒಂದೂವರೆ ಗಂಟೆ ಸಮಯವಿತ್ತು. ಈಗ ಹನ್ನೆರಡು ಕಳೆದು ಬಹಳ ಹೊತ್ತಾಗಿತ್ತು. ಆಗುವುದೇನಿದ್ದರೂ ಅಲ್ಲಿ ಆಗಿಹೋಗಿತ್ತು.

ಮಗಳ ನಂಬರಿಗೆ ಮಾಡಿದೆ, ಸಿಗಲಿಲ್ಲ. ಅಳಿಯನದೂ ಸಿಗಲಿಲ್ಲ. ಮತ್ತೆ ಮಾಡಿದೆ.

"ಮಾರಿ ಯಾಕ ಹಿಂಗ ಬೆಳ್ಳಗಾತ್ರೀ? ಕುಂದರ್ರಿ ಮೊದಲು," ಎಂದು ಕೆಳಗಿನ ಮನೆಯವರು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದರು. ವಿಷಯ ಹೇಳಿದೆ. ಅವರ ನಗು ನಿಂತಿತು. ತಾವು ಗೆಜ್ಜೆ ಎಂದದ್ದೇ ತಪ್ಪಾಯಿತೇನೋ ಎಂಬಂತೆ ಒದ್ದೆ ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು, ಅದು ಮತ್ತೆ ಸದ್ದು ಮಾಡದಂತೆ.

ಯಜಮಾನರು ಪ್ರಾರ್ಥನೆಗೆ ಕಣ್ಣು ಮುಚ್ಚಿದರು. ನನ್ನಿಂದಾಗಲಿಲ್ಲ. ಕಣ್ಣು ಮುಚ್ಚಿದರೆ ಮಣ್ಣುಬಣ್ಣದ ನೀರಿನಲ್ಲಿ ಬಿಳಿ ಬಟ್ಟೆ ಒಂದು ಸುತ್ತು ತಿರುಗಿ ಕೆಳಗಿಳಿಯುವುದೇ ಕಾಣುತ್ತಿತ್ತು. ಒಮ್ಮೆ ಆಸ್ಪತ್ರೆಗೆ ಕೆರೆಯಲ್ಲಿ ಮುಳುಗಿದ ಹುಡುಗಿಯೊಬ್ಬಳನ್ನು ತಂದಿದ್ದರು. ಅವಳ ಲಂಗವನ್ನು ಹಿಂಡಿದವಳು ನಾನೇ.

ಮೂರು ಮುಕ್ಕಾಲಿಗೆ ಫೋನ್ ಬಂತು.

"ಪುಟ್ಟಿ ಎಲ್ಲೇ?" ಎಂದು ಕೂಗಿಬಿಟ್ಟೆ.

"ಇಲ್ಲೇ ಇದಾಳಮ್ಮಾ. ನಿಂಗೆ ಹೇಗೆ ಗೊತ್ತಾಯ್ತು?" ಎಂದಳು ಮಗಳು. "ತಳ ನೋಡೋಕೆ ಅಂತ ಇವರೇ ಮೊದಲು ಇಳಿದ್ರು. ಸೊಂಟದವರೆಗೆ ಹೋಗಿದ್ರು ಅಷ್ಟೇ, ಅಂಗಿ ಕಾಲಿಗೆ ಸುತ್ಕೊಂಡು ಬಿದ್ರು. ಹಗ್ಗ ಹಿಡಿದೋರು ಎಳೆಯೋವರೆಗೂ ತಲೆ ಕಾಣಲೇ ಇಲ್ಲಮ್ಮಾ. ತುಂಬಾ ನೀರು ಕುಡಿದಿದಾರೆ. ಈಗ ಮಲಗಿದಾರೆ."

ಉಸಿರಾಡಲು ಕಷ್ಟಪಡುತ್ತಿದ್ದಾನೆಯೇ, ತುಟಿ ನೀಲಿಯಾಗಿದೆಯೇ ಎಂದು ಕೇಳಿದೆ. ಇಲ್ಲ ಎಂದಳು. ಕೆಮ್ಮಿದೆಯೇ? ಇದೆ. ಪಕ್ಕಕ್ಕೆ ತಿರುಗಿಸಿ ಮಲಗಿಸು, ಒಬ್ಬನನ್ನೇ ಬಿಡಬೇಡ, ಈಗಲೇ ಗಾಡಿ ಮಾಡಿಕೊಂಡು ಕ್ಲಿನಿಕ್ಕಿಗೆ ಹೊರಡು ಎಂದೆ. ಆಮೇಲೆ, "ಅದರಲ್ಲಿ ವಾಷರ್ ಇಟ್ಟವಳು ನಾನೇ. ಹೇಳೋದು ಮರೆತೆ," ಎಂದೆ.

ಗಾಡಿ ತರಲು ಮಗಳು ಯಾರಿಗೋ ಹೇಳಿದ್ದು ಕೇಳಿಸಿತು. ಆಮೇಲೆ ಮೊಮ್ಮಗಳ ದನಿ: "ಅಜ್ಜಿ, ಇಲ್ಲಿ ಆಂಟಿಯರು ಚಾಕು ತಂದು ಎಲ್ಲಾ ಅಂಗಿದೂ ಅಂಚು ಕತ್ತರಿಸಿಬಿಟ್ರು. ನಂದು ಮಂಡಿಯವರೆಗೇ ಉಳೀತು. ಆದ್ರೂ ಮುಳುಗಿದೆ ಅಜ್ಜಿ. ಅಪ್ಪನ ಬದಲು ಹಿರಿಯರು ಮುಳುಗಿಸಿದ್ರು. ದಡದ ಹತ್ರಾನೇ."

ಐದೂವರೆಗೆ ಕ್ಲಿನಿಕ್ಕಿನಿಂದ ಅಳಿಯನೇ ಮಾತಾಡಿದ. ಎರಡೇ ಮಾತು, ನಡುವೆ ಕೆಮ್ಮು. ಅಂದು ರಾತ್ರಿ ಅಲ್ಲೇ ಇರಿಸಿಕೊಳ್ಳುತ್ತಾರಂತೆ.

ಮುಂದಿನ ತಿಂಗಳು ಜಾಂಬಿಯಾಗೆ ಕಳಿಸಲೆಂದು ಇನ್ನೆರಡು ಅಂಗಿ ಕಪಾಟಿನಲ್ಲಿ ಸಿದ್ಧವಿದ್ದವು. ಹೊರಗೆ ತೆಗೆದೆ. ನನ್ನ ಹೊಲಿಗೆ ಗಟ್ಟಿ. ಬ್ಲೇಡಿನಲ್ಲಿ ಒಂದೊಂದೇ ಎಳೆ ಬಿಡಿಸಬೇಕಾಯಿತು. ಕೆಳಗಿನ ಮನೆಯವರು ಮೇಲೆ ಬಂದು ಎದುರಿಗೆ ಕುಳಿತು ಬಟ್ಟೆ ಬಿಗಿ ಹಿಡಿದರು. ಆರೂವರೆಗೆ ಇಪ್ಪತ್ನಾಲ್ಕನೆಯ ವಾಷರ್ ಹೊರಬಂತು. ಖಾಲಿ ಅಂಚನ್ನು ಎರಡು ಸಲ ಕೈಯಲ್ಲಿ ಸವರಿ ನೋಡಿ, ಮಡಚಿಟ್ಟೆ.