ದೋಣಿಯ ಹಸಿರು, ಮನೆಯ ಬಿಳಿ

ಕೇಳಿಬಿಡಲೇ? ಕೇಳಿದರೆ ಮಾವ ಇಲ್ಲ ಎನ್ನುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ನಮ್ಮ ದ್ವೀಪದ ಪೇಟೆ ಲೆವೂಕದ ಕಡಲಗೋಡೆಯ ಮೇಲೆ ಮೊದಲ ಬೆಳಕು ಬೀಳುವ ಹೊತ್ತಿಗೆ, ಗುಡ್ಡದ ಮೇಲಿನ ಹಳೆಯ ಮರದ ಮನೆಯೊಂದರ ಹಿಂಬದಿಯಲ್ಲಿ ಕುಕ್ಕರಗಾಲಲ್ಲಿ ಕೂತ ಬಣ್ಣದ ಕೆಲಸಗಾರ ಅಪಕೂಕಿಯ ತಲೆಯಲ್ಲಿ ಇದೇ ಓಡುತ್ತಿದೆ. ಕೈಯಲ್ಲಿ ಕೆರೆಯುವ ಪಟ್ಟಿ. ಎದುರಿಗೆ ಅಡುಗೆಮನೆ ಬಾಗಿಲ ಪಕ್ಕದ ಒಂದೇ ಒಂದು ಹಸಿರು ಹಲಗೆ. ಉಳಿದ ಮನೆಯೆಲ್ಲ ಬತ್ತಲೆ ಮರ, ಅಲ್ಲಲ್ಲಿ ಪ್ರೈಮರ್. ಈ ಹಸಿರನ್ನು ಬಳಿದವರು ತೀರಿಕೊಂಡ ಅವರ ಅಪ್ಪ ಇನೋಕೆ. ಅವರು ಬಳಿದ ದೋಣಿಗಳಲ್ಲಿ ಕೆಲವು ಮುಳುಗಿವೆ, ಕೆಲವು ಬೇರೆ ಬಣ್ಣ ಹೊದ್ದಿವೆ. ಅಪ್ಪನ ಕೈಕೆಲಸ ಎಂದು ದ್ವೀಪದಲ್ಲಿ ಉಳಿದಿರುವುದು ಈ ಹಲಗೆ ಮಾತ್ರ.

ಲೆವೂಕದ ಹಳೆಯ ಮನೆಗಳನ್ನು ಮೆಚ್ಚುವವರು ಕಟ್ಟಿಸಿದವರು ಯಾರು ಎಂದು ಕೇಳುತ್ತಾರೆ. ಬಳಿದವರು ಯಾರು ಎಂದು ಕೇಳಿದ್ದನ್ನು ಪತ್ರಿಕೆಗೆ ಬರೆಯುವ ನಾನಂತೂ ಕಂಡಿಲ್ಲ. ಅರವತ್ತು ಸಮೀಪಿಸಿದ ಅಪಕೂಕಿಗೆ ಮೊಣಕಾಲು ನೋವು. ಹಳೆಯ ಬಣ್ಣದಲ್ಲಿ ಸೀಸ ಇರುವುದರಿಂದ ಮರವನ್ನು ಒದ್ದೆ ಮಾಡಿಕೊಂಡೇ ಕೆರೆಯುತ್ತಾರೆ, ಉದುರಿದ ಚೂರನ್ನೆಲ್ಲ ಟಾರ್ಪಾಲಿನ ಮೇಲೆ ಹಿಡಿಯುತ್ತಾರೆ. ದಿನಕ್ಕೆ ನಾಲ್ಕು ಹಲಗೆ ಮುಗಿದರೆ ಒಳ್ಳೆಯ ದಿನ.

"ಮಿಷನ್ ಹಿಡಿದ್ರೆ ಬೇಗ ಆಗತ್ತೆ. ಆದ್ರೆ ಮರಾನೂ ಬಣ್ಣದ ಜೊತೆಗೇ ಹೋಗತ್ತೆ. ಇಲ್ನೋಡಿ, ಬಡಗಿ ಕೀಸುಳಿ ಆಡ್ಸಿದ ಗೆರೆ. ಇದು ಕಾಣ್ಬೇಕು. ನುಣ್ಣಗೆ ಉಜ್ಜಿಬಿಟ್ರೆ ನಿನ್ನೆ ಕಟ್ಟಿದ ಮನೆ ಥರ ಆಗತ್ತೆ," ಎನ್ನುತ್ತಾರೆ.

ಮನೆ ಅವರ ಸೋದರಮಾವ ಎರೋನಿಯದು. ಎರೋನಿಯ ಕಣ್ಣಿನ ಬೆಳಕು ಇಳಿಯುತ್ತಿದೆ. ಅದು ಪೂರ್ತಿ ಆರುವ ಮೊದಲು ಚಿಕ್ಕಂದಿನಲ್ಲಿ ಕಂಡ ಮನೆಯನ್ನು ಇನ್ನೊಮ್ಮೆ ನೋಡಬೇಕೆಂಬುದು ಅವರ ಆಸೆ. ತೆಂಗಿನ ಹಾಲಿನಂಥ ಬಿಳಿ ಗೋಡೆ, ಕಾವಿ ಕೆಂಪಿನ ಅಂಚು. ಆ ಬಿಳಿಯ ಒಂದು ಚೂರು ಕಿಟಕಿಯ ಕೀಲಿನ ಹಿಂದೆ, ಇನೋಕೆಯ ಬ್ರಷ್ ಹೋಗದ ಸಂದಿಯಲ್ಲಿ ಸಿಕ್ಕಿತು. ಅಪಕೂಕಿ ಅದನ್ನೇ ಕಣ್ಣಮುಂದೆ ಇಟ್ಟುಕೊಂಡು ಹೊಸ ಬಣ್ಣ ಕಲೆಸಿದ್ದಾರೆ.

ಇನೋಕೆ ಹಡಗುಕಟ್ಟೆಯಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದವರು. ಬಹಳ ಹಿಂದೆ ಒಂದು ಚಂಡಮಾರುತ ಎರೋನಿಯ ಮನೆಯ ಬಣ್ಣವನ್ನೆಲ್ಲ ಕಿತ್ತೊಯ್ದ ವರ್ಷ ದ್ವೀಪಕ್ಕೆ ಬಣ್ಣದ ಡಬ್ಬಿಗಳೇ ಬರಲಿಲ್ಲ. ಹೆಂಡತಿಯ ಅಣ್ಣನ ಮನೆ ನೆನೆಯುವುದನ್ನು ನೋಡಲಾರದೆ, ಉಳಿದಿದ್ದ ದೋಣಿಯ ಬಣ್ಣವನ್ನೇ ದಪ್ಪಗೆ ಬಳಿದರು. ಆಮೇಲಿನ ಬಿರುಗಾಳಿಗಳನ್ನೆಲ್ಲ ಆ ಹಸಿರು ತಡೆಯಿತು. ಆದರೆ ಮರದೊಳಗಿನ ತೇವವನ್ನೂ ಹೊರಬಿಡಲಿಲ್ಲ. ಕೆಲವು ಹಲಗೆ ಒಳಗೊಳಗೇ ಮೆತ್ತಗಾದವು. ಹಸಿರನ್ನು ತೆಗೆಯದೆ ಗತಿಯಿರಲಿಲ್ಲ.

ಭಾವಂದಿರ ನಡುವಿನ ಲೇವಡಿ ನಮ್ಮಲ್ಲಿ ಸತ್ತ ಮೇಲೂ ನಿಲ್ಲುವುದಿಲ್ಲ. ಜಗಲಿಯಲ್ಲಿ ಕೂತ ಎರೋನಿ ಕೂಗಿ ಹೇಳುತ್ತಾರೆ: "ನಿಮ್ಮಪ್ಪ ನನ್ನ ಮನೇನ ದೋಣಿ ಮಾಡ್ಬಿಟ್ಟಿದ್ದ ಕಣೋ! ಇಷ್ಟು ವರ್ಷ ಮಲಗೋಕೆ ಮುಂಚೆ ಲಂಗರು ಹಾಕಿದೀನಾ ಅಂತ ನೋಡ್ಕೋತಿದ್ದೆ."

"ಮುಳುಗ್ಲಿಲ್ವಲ್ಲ ಮಾವ."

"ಮುಳುಗ್ಲಿಲ್ಲ, ಅದೂ ನಿಜ. ಎಡಗೈ ಮುಂಡೇದು, ಗಟ್ಟಿಯಾಗೇ ಬಳ್ದಿತ್ತು."

ಎರೋನಿಯ ಮಗ ಸೆಫನಾಯ ಬೇಯಿಸಿದ ಮರಗೆಣಸಿನ ತಟ್ಟೆ ತಂದಿಡುತ್ತಾ, "ಏನ್ ಭಾವ, ಆ ಹಲಗೆ ಮುಂದೆ ದಿನಾ ಹೋಗಿ ಕೂರ್ತೀಯಲ್ಲ, ಹೆಣ್ಣು ನೋಡೋಕೆ ಬಂದೋನ ಥರ?" ಎನ್ನುತ್ತಾರೆ.

"ನಿನಗಿಂತ ವಾಸಿ ಕಣೋ. ಬಾಯಿ ಮುಚ್ಕೊಂಡಿರತ್ತೆ."

ಸೋದರಳಿಯ ಬಾಯಿಬಿಟ್ಟು ಕೇಳಿದ್ದನ್ನು ಸೋದರಮಾವ ಇಲ್ಲ ಎನ್ನುವಂತಿಲ್ಲ. ಇದು ನಮ್ಮವರ ಕಟ್ಟಳೆ. ಹರೆಯದಲ್ಲಿ ಅಪಕೂಕಿ ಹೀಗೇ ಒಂದು ದಿನ ತಮಾಷೆಗೆಂಬಂತೆ ಮಾವನ ಮೀನಿನ ದೋಣಿ ಕೇಳಿದ್ದರು. ಎರೋನಿ ನಗುತ್ತಲೇ ಹಗ್ಗ ಬಿಚ್ಚಿ ಕೈಗಿತ್ತರು. ಮರುದಿನದಿಂದ ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಲೆ ಬೀಸಿದರು.

"ವಾಪಸ್ ಕೊಡೋಕೆ ಹೋದೆ. ತಗೊಳ್ಲಿಲ್ಲ. ಕೊಟ್ಟಿದ್ದು ಕೊಟ್ಟಿದ್ದೇ ಅಂದ್ರು," ಎನ್ನುತ್ತಾರೆ ಅಪಕೂಕಿ. "ಅವತ್ತಿಂದ ಮಾವನ ಹತ್ರ ಏನೂ ಕೇಳಿಲ್ಲ."

ಈಗ ಎದುರಿಗಿರುವ ಹಲಗೆ ಗಟ್ಟಿಯಾಗಿಯೇ ಇದೆ. ಸೂರಿನ ಮರೆಯಲ್ಲಿದ್ದುದರಿಂದ ಕೊಳೆತಿಲ್ಲ. ಬಿಟ್ಟರೂ ಮರಕ್ಕೆ ಹಾನಿಯಿಲ್ಲ. ಅದರ ಮೇಲೆ ಎಡಗೈಯ ಬ್ರಷ್ ಎಳೆದು ಎತ್ತಿದ ಗುರುತುಗಳು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಎರೋನಿಗೆ ಬೇಕಿರುವುದು ಚಿಕ್ಕಂದಿನ ಮನೆ. ಅದರಲ್ಲಿ ಹಸಿರು ಹಲಗೆ ಇರಲಿಲ್ಲ.

ಎರೋನಿ ಗೋಡೆ ತಡವುತ್ತ ಹಿಂಬದಿಗೆ ಬರುತ್ತಾರೆ. ಕಣ್ಣು ಕಿರಿದು ಮಾಡಿ ಅಳಿಯನ ಕಡೆ ನೋಡುತ್ತಾರೆ.

"ಕೆರೆಯೋ ಕೆಲಸ ಮುಗೀತಾ ಬಂತು. ಈ ಮನೆಯಿಂದ ನಿಂಗೇನಾದ್ರೂ ಬೇಕೇನೋ? ಬೇಕಿದ್ರೆ ಕೇಳು."

ಅಪಕೂಕಿ ಪಟ್ಟಿಯ ಅಂಚನ್ನು ಬಟ್ಟೆಯಿಂದ ಒರೆಸುತ್ತಾರೆ. ಕೆಳಗೆ ಕಡಲು ತನ್ನ ಪಾಡಿಗೆ ತಾನು ಕಲ್ಲು ತೊಳೆಯುತ್ತಿದೆ.

"ನಿಂಬೆ ಎಲೆ ಚಾ ಇದ್ರೆ ಇನ್ನೊಂದ್ ಲೋಟ ಕೊಡ್ಸಿ ಮಾವ."

ಚಹಾ ಕುಡಿದು, ಬಟ್ಟೆ ಅದ್ದಿ ಹಲಗೆಯನ್ನು ಒದ್ದೆ ಮಾಡುತ್ತಾರೆ. ಪಟ್ಟಿಯನ್ನು ಮೇಲಿನ ತುದಿಗೆ ಒತ್ತುತ್ತಾರೆ. ದೋಣಿಯ ಬಣ್ಣ ಸುಲಭಕ್ಕೆ ಬಿಡುವುದಿಲ್ಲ. ಬಿಟ್ಟಾಗ ಉದ್ದುದ್ದ ಸಿಪ್ಪೆಯಾಗಿ ಸುರುಳಿ ಸುತ್ತಿ ಟಾರ್ಪಾಲಿನ ಮೇಲೆ ಬೀಳುತ್ತದೆ. ಅವರು ಮಧ್ಯೆ ಎಲ್ಲೂ ಕೈ ನಿಲ್ಲಿಸುವುದಿಲ್ಲ.

ತಲೆಯಲ್ಲಿ ಓಡಿದ ಇದನ್ನೆಲ್ಲ ಅಪಕೂಕಿ ನನಗೆ ಹೇಳುವುದು, ಅವತ್ತಿನ ಕೆಲಸ ಮುಗಿಸಿ ಮೆಟ್ಟಿಲಿಳಿದು ಪೇಟೆಗೆ ಹೋಗುವಾಗ. ಬರೆಯಬಹುದೇ ಎಂದು ಕೇಳುತ್ತೇನೆ.

"ಬರೀರಿ. ನಿಮ್ಮ ಪೇಪರ್ ಬರೋಷ್ಟರಲ್ಲಿ ಬಿಳಿ ಒಣಗಿರತ್ತೆ. ಮಾವ ಒಂದ್ಸಲ ಮನೇನ ಕಣ್ತುಂಬ ನೋಡ್ಲಿ, ನಂಗಷ್ಟೇ ಬೇಕಾಗಿರೋದು."

ಅಪ್ಪನ ಆ ಒಂದು ಹಲಗೆ ಹಾಗೇ ಇರಲಿ ಎಂದು ಅವರು ಎರೋನಿಗೆ ಹೇಳಲೇ ಇಲ್ಲ.