ಮೂಗು ಮುಚ್ಚದ ಮೊಮ್ಮಗಳು

ಅಂಗಳದಲ್ಲಿ ಹಳೆಯ ಸೀರೆ ಹಾಸಿ ಉದ್ದಿನ ಹಪ್ಪಳ ಹರವುತ್ತಿದ್ದೆ. ಒಂದು ಕೈಯಲ್ಲಿ ಹಪ್ಪಳ, ಇನ್ನೊಂದು ಕೈಯಲ್ಲಿ ಕಾಗೆ ಓಡಿಸುವ ಕೋಲು. ಫೋನು ಬಡಿದುಕೊಳ್ಳುವುದೂ ಇಂಥ ಹೊತ್ತಿಗೇ ಅಲ್ಲವೇ? ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ.

ಧಾರವಾಡದಿಂದ ಮಗಳು ಸುಮಾ. "ಅವ್ವಾ, ಇವರಿಗೆ ಕರೋನಾ ಬಂದೈತಿ. ಈಗ ರಿಪೋರ್ಟ್ ಬಂತು. ಚಿನ್ನಿ ಹೆಂಗದಾಳ?"

ಚಿನ್ನಿ ಅವಳ ಮಗಳು. ಎರಡನೇ ಕ್ಲಾಸು ಮುಗಿಸಿ, ರಜೆಗೆಂದು ನಿನ್ನೆಯಷ್ಟೇ ಅಜ್ಜನ ಜೊತೆ ಬಸ್ಸಿನಲ್ಲಿ ಬಂದಿದ್ದಳು.

"ಆಕಿಗೇನಾಗೇತಿ! ಒಂಚೂರು ನೆಗಡಿ, ಅಷ್ಟ. ಈ ಸಲ ಬಸ್ಸಿಂದ ಇಳದು ಮೂಗು ಸುದ್ದಾ ಮುಚ್ಚಲಿಲ್ಲ, ಗೊತ್ತೈತೇನು?" ಎಂದೆ, ಹೆಮ್ಮೆಯಿಂದ.

ಸುಮಾ ಮೆಲ್ಲಗೆ ಕೇಳಿದಳು, "ಅವ್ವಾ... ಮೂಗು ಮುಚ್ಚಲಿಲ್ಲಾ?"

ಪರ ಊರಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮದು ದಾಂಡೇಲಿಯ ಬಂಗೂರನಗರ. ಕಾಗದದ ಮಿಲ್ಲಿನ ಮಗ್ಗುಲಲ್ಲಿ ಬದುಕು. ಗಾಳಿ ಈ ಕಡೆ ತಿರುಗಿತೆಂದರೆ, ಎಲೆಕೋಸು ಬೇಯಿಸಿ ಮುಚ್ಚಿಟ್ಟು ಮರೆತ ಹಾಗೆ ಒಂದು ವಾಸನೆ. ನಮಗೆ ಅದು ಗೊತ್ತೇ ಆಗುವುದಿಲ್ಲ. ಬಂದ ನೆಂಟರಿಗೆ ಬೇರೇನೂ ಗೊತ್ತಾಗುವುದಿಲ್ಲ. ಹಳಿಯಾಳ ದಾಟಿ ನಿದ್ದೆ ಹೋದವರನ್ನು ಕಂಡಕ್ಟರ್ ಎಬ್ಬಿಸುವುದೇ ಬೇಡ, ಮೂಗು ಎಬ್ಬಿಸುತ್ತದೆ.

ಹಾಗಾಗಿ ನಮ್ಮ ಓಣಿಯಲ್ಲೊಂದು ಪರೀಕ್ಷೆ ಉಂಟು. ಹೊಸ ಸೊಸೆ ಬರಲಿ, ಅಳಿಯ ಬರಲಿ, ಮೂಗು ಮುಚ್ಚಿದರೆ ನೆಂಟರು. ಮುಚ್ಚದಿದ್ದರೆ ನಮ್ಮವರು. (ನನ್ನ ಅಳಿಯ ಮದುವೆಯಾಗಿ ಇಷ್ಟು ವರ್ಷವಾದರೂ ಇನ್ನೂ ನೆಂಟನೇ.)

ಚಿನ್ನಿಯೂ ಪ್ರತಿ ರಜೆಗೆ "ಛೀ ಅಜ್ಜಿ, ನಿಮ್ಮೂರು ನಾರತೈತಿ" ಎನ್ನುತ್ತಲೇ ಇಳಿಯುವವಳು. ನಾರುವುದಿರಲಿ, ಆ 'ನಿಮ್ಮೂರು' ಇದೆಯಲ್ಲ, ಅದು ನನಗೆ ಚುಚ್ಚುತ್ತಿತ್ತು. ಈ ಸಲ ತುಟಿ ಬಿಚ್ಚದೆ ಒಳಗೆ ಬಂದಳು. ನಮ್ಮ ಯಜಮಾನರು "ಪಾಸಾದ್ಲು!" ಎಂದು ಘೋಷಿಸಿದರು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿ, ಸಕ್ಕರೆ ಇಟ್ಟು, ಅಕ್ಕಪಕ್ಕದ ಮನೆಗೂ ಹಂಚಿ ಬಂದೆ.

ಮಗುವಿಗೆ ರೋಗ ಬಂದಿತೆಂದು ಸಕ್ಕರೆ ಹಂಚಿದ ಅಜ್ಜಿಯನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?

ಪಕ್ಕದ ಮನೆಯ ನಸೀಮಾ ಕಾಂಪೌಂಡಿನ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. (ಸ್ಪೀಕರ್ ಹಾಕಿದರೆ ಅದು ಆಕಾಶವಾಣಿಯೇ.) "ಅಕ್ಕಾ, ಇಂಗಿನ ಡಬ್ಬಿ ತಗದು ಆಕಿ ಮೂಗಿಗೆ ಹಿಡೀರಿ," ಎಂದಳು.

ಹಿಡಿದೆ. "ಕಣ್ಣು ಮುಚ್ಚಿ ಹೇಳು ಪುಟ್ಟಾ, ಏನ್ ವಾಸನಿ?"

"ಖಾಲಿ ಡಬ್ಬಿ ಹಿಡದು ಆಟಾ ಆಡಸ್ತಿಯೇನ್ ಅಜ್ಜಿ?"

ಡಬ್ಬಿ ತುಂಬ ಇಂಗಿತ್ತು.

ಟೆಸ್ಟ್ ಮಾಡಿಸಿದೆವು. ಕರೋನಾವೇ. ಡಾಕ್ಟರಮ್ಮ ಸಮಾಧಾನದಿಂದಲೇ ಹೇಳಿದರು: "ಮಕ್ಕಳಿಗೆ ಹೆಚ್ಚಾಗಿ ನೆಗಡಿ, ಜ್ವರದಂಗ ಬಂದು ಹೋಗತೈತ್ರಿ. ಆದ್ರ ಕಣ್ಣಿಟ್ಟಿರ್ರಿ. ಉಸಿರು ಜೋರಾದ್ರ, ನೀರು ಒಲ್ಲೆ ಅಂದ್ರ, ಎಬ್ಬಿಸಿದ್ರೂ ಏಳದಂಗ ಮಲಗಿದ್ರ, ತಡಾ ಮಾಡದ ಕರಕೊಂಡು ಬರ್ರಿ."

"ಮತ್ತ ಮೂಗ್ರೀ?"

"ಬಹಳ ಮಂದಿಗೆ ತಾನ ತಿರುಗಿ ಬರತೈತಿ. ಯಾವಾಗ ಅಂತ ಮಾತ್ರ ಹೇಳಾಕ ಬರಂಗಿಲ್ಲ."

"ಮೆಣಸು, ಶುಂಠಿ ಹಾಕಿ ಕಷಾಯ ಕುದಿಸಿ ಕೊಡ್ಲೇನ್ರಿ?"

"ಬ್ಯಾಡ್ರಿ. ಬೇಕಾದ್ರ ನೀವು ಕುಡೀರಿ."

ಮನೆಗೆ ಬಂದು, ಸಕ್ಕರೆ ಹಂಚಿದ ಮನೆಗಳಿಗೆಲ್ಲ ಫೋನು ಮಾಡಿ, ಕೆಮ್ಮು ಬಂದರೆ ನೋಡಿಕೊಳ್ಳಿ ಎಂದೆ. ಆಮೇಲೆ ಕಷಾಯ ಕುದಿಸಿ ನಾನೇ ಕುಡಿದೆ. ಡಾಕ್ಟರ ಮಾತು ಮೀರಬಾರದು ನೋಡಿ.

ಆ ರಾತ್ರಿ ಬಂದ ಜ್ವರ ಬೇಗ ಇಳಿಯಿತು. ಅದೊಂದು ಕೃಪೆ. ಕೇಳಿದಾಗಲೆಲ್ಲ ನೀರು ಕುಡಿದಳು. ಅದೊಂದು. ಅಜ್ಜನ ಮೊಬೈಲಿಗಾಗಿ ಜಗಳಕ್ಕೂ ನಿಂತಳು, ಅದು ದೊಡ್ಡ ಕೃಪೆ. ಆದರೆ ಮೂಗು ಬರಲಿಲ್ಲ. ನಸೀಮಾ ಒಣಮೀನು ಹುರಿದರೆ ಓಣಿಗೆ ಕೇಳುವಂತೆ ಕೂಗುತ್ತಿದ್ದ ಹುಡುಗಿ ಅದೇ ಕಿಟಕಿಯ ಪಕ್ಕ ಸುಮ್ಮನೆ ಚಿತ್ರ ಬರೆಯುತ್ತ ಕೂತಿರುತ್ತಿದ್ದಳು. ಅವಳಿಗೆ ಪ್ರಾಣವಾದ ಶಿರಾ ಮಾಡಿದೆ. ಎರಡು ತುತ್ತು ತಿಂದು ತಟ್ಟೆ ಸರಿಸಿ, "ಅಜ್ಜಿ, ನೀ ತುಪ್ಪ ಹಾಕೂದು ಮರತಿ," ಎಂದಳು.

ತುಪ್ಪ ಅಂಗೈ ತುಂಬ ಹತ್ತುವಷ್ಟಿತ್ತು. "ಹೂಂ, ಮರತೆ," ಎಂದು ಅಡುಗೆಮನೆಗೆ ಎದ್ದು ಹೋದೆ.

ಈ ಮೂಗು ಮರಳಿ ಬಾರದೇ ಹೋದರೆ? ಮಲ್ಲಿಗೆ, ಮೊದಲ ಮಳೆಯ ಮಣ್ಣು, ಒಗ್ಗರಣೆ, ಒಂದೂ ಇಲ್ಲದೆ ಈ ಮಗು ಹೇಗೆ ಬೆಳೆದೀತು? ನಸೀಮಾ ದಿನಾ ಬೆಳಿಗ್ಗೆ ಕಾಂಪೌಂಡಿನ ಮೇಲೆ ಒಂದು ಹಿಡಿ ಮಲ್ಲಿಗೆ ಇಟ್ಟು ಕೇಳುವಳು: "ಬಂತೇನ್ರಿ ಅಕ್ಕಾ?" "ಇನ್ನೂ ಇಲ್ಲವಾ." ದೇವರ ಮುಂದೆ ಕೂತು ನೇರವಾಗಿಯೇ ಹೇಳಿದೆ: ನನಗೆ 'ನಮ್ಮೂರು' ಅನ್ನುವ ಮೊಮ್ಮಗಳು ಬೇಡಪ್ಪಾ. ಬೈಯುವವಳೇ ಇರಲಿ.

ಮೊನ್ನೆ ಹಾಲು ಒಲೆಯ ಮೇಲಿಟ್ಟು ದೇವರ ಪಾತ್ರೆ ತೊಳೆಯುತ್ತಿದ್ದೆ. ಗಾಳಿ ತಿರುಗಿತ್ತಂತೆ. ನನಗೆಲ್ಲಿ ಗೊತ್ತಾಗಬೇಕು? ಅಂಗಳದಿಂದ ಚಿನ್ನಿಯ ಕೂಗು:

"ಛೀ! ಅಜ್ಜೀ, ನಿಮ್ಮೂರು ನಾರತೈತಿ!"

ಒದ್ದೆ ಕೈಯಲ್ಲೇ ಓಡಿದೆ. ಎರಡೂ ಕೈಯಿಂದ ಮೂಗು ಒತ್ತಿ ಹಿಡಿದು ನಿಂತಿದ್ದಾಳೆ, ನನ್ನ ಬಂಗಾರ! ಆಚೆಯಿಂದ ನಸೀಮಾ, "ಅಲ್ಲಾಹ್, ತೇರಾ ಶುಕ್ರ್ ಹೈ!" ಎಂದು ದೇವರಿಗೆ ಕೈಯೆತ್ತಿದಳು. ನಮ್ಮ ಯಜಮಾನರು ಪೇಪರಿನ ಹಿಂದಿನಿಂದ "ಫೇಲಾದ್ಲು!" ಎಂದರು. ಪೇಪರು ಮಾತ್ರ ಬಹಳ ಹೊತ್ತು ಮುಖದಿಂದ ಕೆಳಗಿಳಿಯಲಿಲ್ಲ.

"ಅಜ್ಜಿ, ಇನ್ನೊಂದು ವಾಸನಿ ಬರಾಕತ್ತೇತಿ," ಎಂದಳು ಚಿನ್ನಿ, ಮೂಗಿನಿಂದ ಒಂದು ಬೆರಳು ತೆಗೆದು. "ಹಾಲು ಹೊತ್ತೇತಿ."

ನಿಜವೇ, ತಳ ಕಪ್ಪಾಗಿತ್ತು. ಓಣಿಗೆ ಮತ್ತೊಮ್ಮೆ ಸಕ್ಕರೆ ಹಂಚಿ ಬಂದು, ಆ ಪಾತ್ರೆ ತಿಕ್ಕಲು ಕೂತೆ. ಹೊತ್ತಿದ ಹಾಲು ಇಷ್ಟು ಘಮಘಮ ಎನ್ನುತ್ತದೆಂದು ಇಷ್ಟು ದಿನ ಯಾರೂ ನನಗೆ ಹೇಳಿರಲಿಲ್ಲವಲ್ಲ!